ಕೀಮೋಥೆರಪಿಯ ನಡುವೆ ಒಣಕೆಮ್ಮೇ? ಕಡೆಗಣಿಸಬೇಡಿ

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳಿಗೆ ಕ್ಯಾನ್ಸರ್ ಚಿಕಿತ್ಸೆಗೆ ಪರಸ್ಥಳಕ್ಕೆ ಹೋಗಬೇಕಾದ ಕಾಲ ಕಳೆದಿದೆ. ದೊಡ್ಡ ಆಸ್ಪತ್ರೆಗಳು ಊರಿನಲ್ಲೇ ಇವೆ. ಆದರೆ ಕೀಮೋಥೆರಪಿ ಎಂದೊಡನೆ ನಮಗೆ ನೆನಪಾಗುವುದು ಕೂದಲು ಉದುರುವುದು, ವಾಂತಿ, ನಿಶ್ಶಕ್ತಿ ಇಷ್ಟೇ. ಕೆಲವು ಔಷಧಿಗಳು ಶ್ವಾಸಕೋಶಕ್ಕೂ ಹಾನಿ ಮಾಡಬಲ್ಲವು ಎಂಬುದನ್ನೂ ನಾವು ತಿಳಿದಿರಬೇಕು.

ಇದಕ್ಕೆ ಪ್ರಸಿದ್ಧ ಉದಾಹರಣೆ ಬ್ಲಿಯೋಮೈಸಿನ್. ಜಪಾನಿನ ವಿಜ್ಞಾನಿ ಹಮಾವೊ ಉಮೆಜಾವಾ ಅವರು 1960ರ ದಶಕದಲ್ಲಿ ಸೂಕ್ಷ್ಮಜೀವಿಯೊಂದರಿಂದ ಪಡೆದ ಈ ಔಷಧಿಯನ್ನು ಹಾಡ್ಜ್‌ಕಿನ್ ಲಿಂಫೋಮಾ, ವೃಷಣದ ಕ್ಯಾನ್ಸರ್ ಮೊದಲಾದವುಗಳಿಗೆ ಕೊಡುತ್ತಾರೆ. ಇದು ಕಬ್ಬಿಣ ಮತ್ತು ಆಮ್ಲಜನಕದೊಡನೆ ಸೇರಿ ಜೀವಕೋಶದ ಡಿಎನ್‌ಎ ಎಳೆಗಳನ್ನು ಕಡಿಯುತ್ತದೆ. ಕ್ಯಾನ್ಸರ್ ಕೋಶ ಸಾಯುವುದು ಹೀಗೆಯೇ. ದೇಹದ ಹೆಚ್ಚಿನ ಅಂಗಗಳಲ್ಲಿ ಈ ಔಷಧಿಯ ಶಕ್ತಿಗುಂದಿಸುವ ಕಿಣ್ವವೊಂದಿದೆ. ಶ್ವಾಸಕೋಶ ಮತ್ತು ಚರ್ಮದಲ್ಲಿ ಮಾತ್ರ ಅದು ಬಹಳ ಕಡಿಮೆ. ಆದ್ದರಿಂದ ಶ್ವಾಸಕೋಶದ ಗಾಳಿಗೂಡುಗಳ ಒಳಪದರದ ತೆಳುವಾದ ಕೋಶಗಳು ಪೆಟ್ಟು ತಿನ್ನುತ್ತವೆ. ಉರಿಯೂತವಾಗುತ್ತದೆ. ಗಾಯ ಮಾಯಿಸಲು ಬಂದ ಕೋಶಗಳು ಕೊಲಾಜೆನ್ ಎಂಬ ನಾರನ್ನು ಮಿತಿಮೀರಿ ಹೆಣೆಯುತ್ತವೆ. ಸ್ಪಂಜಿನಂತೆ ಮೆದುವಾಗಿದ್ದ ಭಾಗ ಗಟ್ಟಿಯಾಗಿ, ಆಮ್ಲಜನಕ ರಕ್ತಕ್ಕೆ ಸೇರುವುದು ಕಷ್ಟವಾಗುತ್ತದೆ. ಬುಸಲ್ಫಾನ್, ಮೆಥೊಟ್ರೆಕ್ಸೇಟ್‌ಗಳೂ ಬೇರೆ ಬೇರೆ ರೀತಿಯಲ್ಲಿ ಶ್ವಾಸಕೋಶವನ್ನು ಬಾಧಿಸಬಲ್ಲವು.

ಎಲ್ಲರಿಗೂ ಹೀಗಾಗುವುದಿಲ್ಲ. ಬ್ಲಿಯೋಮೈಸಿನ್‌ನ ಒಟ್ಟು ಪ್ರಮಾಣ 400 ಯೂನಿಟ್ ದಾಟಿದವರಿಗೆ, ವಯಸ್ಸಾದವರಿಗೆ, ಧೂಮಪಾನಿಗಳಿಗೆ, ಎದೆಗೆ ವಿಕಿರಣ ಚಿಕಿತ್ಸೆ ಪಡೆದವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ ಅಪಾಯ ಹೆಚ್ಚು.

ಇಲ್ಲಿ ನಮ್ಮ ಶ್ರಾವಕ-ಶ್ರಾವಿಕೆಯರು ಗಮನಿಸಬೇಕಾದ ಮಾತೊಂದಿದೆ. ಬ್ಲಿಯೋಮೈಸಿನ್ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುತ್ತದೆ. ಚಿಕಿತ್ಸೆಯ ದಿನಗಳಲ್ಲಿ ದಶಲಕ್ಷಣ ಪರ್ವ ಬಂತೆಂದು ನೀರನ್ನೂ ತ್ಯಜಿಸಿ ಉಪವಾಸ ಮಾಡಿದರೆ ಮೂತ್ರಪಿಂಡಕ್ಕೆ ಕಷ್ಟ, ಔಷಧಿಯೂ ದೇಹದಲ್ಲಿ ಹೆಚ್ಚು ಹೊತ್ತು ಉಳಿಯಬಹುದು. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೂ ಒಂದು, ತಪಸ್ಸು ಶಕ್ತಿಗೆ ತಕ್ಕಂತಿರಬೇಕು. ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬೇಡಿ. ಆ ದಿನಗಳಲ್ಲಿ ಸ್ವಾಧ್ಯಾಯ, ಜಪಗಳಿಗೆ ಅಡ್ಡಿಯೇನಿಲ್ಲ.

ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು, ಜ್ವರ ಇವು ಚಿಕಿತ್ಸೆಯ ನಡುವೆಯೋ, ಮುಗಿದು ಕೆಲವು ತಿಂಗಳ ಮೇಲೋ ಕಾಣಿಸಬಹುದು. ಕಷಾಯದಲ್ಲೇ ವಾಸಿಯಾದೀತೆಂದು ಕಾಯದೆ ಕೂಡಲೇ ತಿಳಿಸಿ. ಬೇಗ ಗೊತ್ತಾದರೆ ವೈದ್ಯರು ಆ ಔಷಧಿಯನ್ನು ನಿಲ್ಲಿಸಿ, ಬೇಕಾದರೆ ಸ್ಟೆರಾಯ್ಡ್ ಕೊಡುತ್ತಾರೆ. ಗಟ್ಟಿಯಾದ ಭಾಗ ಮಾತ್ರ ಮೊದಲಿನಂತಾಗುವುದು ಕಷ್ಟ. ಮುಂದೆಂದಾದರೂ ಶಸ್ತ್ರಚಿಕಿತ್ಸೆಯಾಗುವಾಗ ಬ್ಲಿಯೋಮೈಸಿನ್ ಪಡೆದ ವಿಷಯವನ್ನು ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಹೆಚ್ಚಿನ ಆಮ್ಲಜನಕವೇ ಅಂಥವರಿಗೆ ತೊಂದರೆ ತರಬಹುದು. ಹಳೆಯ ಚೀಟಿಗಳನ್ನು ಜೋಪಾನವಾಗಿಡಿ.

ಹೆದರಿ ಚಿಕಿತ್ಸೆಯನ್ನೇ ಬಿಡುವುದು ಸಲ್ಲದು. ಈ ಔಷಧಿಗಳಿಂದ ಗುಣವಾಗಿ ಸಂಸಾರ ನಡೆಸುತ್ತಿರುವವರು ಅನೇಕರು. ಔಷಧಿಯ ಜೊತೆಗೆ ಮನೆಯವರ ಎಚ್ಚರವೂ ಇರಲಿ.