ಹತ್ತು ಅಡಿಯ ಕೋಣೆಗೆ ಬಾಗಿಲು ಎಲ್ಲಿಡಬೇಕು?

ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರದ ಕಡೆ ಮನೆ ಕಟ್ಟುವವರ ಮಾತು ಶುರುವಾಗುವುದೇ ‘ನಿಮ್ಮದು ಟ್ವೆಂಟಿ ಥರ್ಟಿನಾ, ಥರ್ಟಿ ಫಾರ್ಟಿನಾ?’ ಎಂಬಲ್ಲಿಂದ. 20×30 ಸೈಟು ಎಂದರೆ ಬರೀ 600 ಚದರಡಿ. ಗಾಡಿಗೆ, ಮೆಟ್ಟಿಲಿಗೆ, ಅಡುಗೆಮನೆಗೆ ಜಾಗ ಬಿಟ್ಟ ಮೇಲೆ ಮಲಗುವ ಕೋಣೆಗೆ 10×10 ಅಡಿ ಸಿಕ್ಕರೆ ಹೆಚ್ಚು. ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಎರಡು ಕೋಣೆಗಳ ಮನೆಗೆ ಕೇಳುವುದು ಕನಿಷ್ಠ 9.5 ಮತ್ತು 7.5 ಚದರ ಮೀಟರು, ಅಂದರೆ ಸುಮಾರು 102 ಮತ್ತು 81 ಚದರಡಿ.

ಇಷ್ಟು ಜಾಗ ಸಾಲದು ಎನ್ನುವ ಮೊದಲು ಬಾಗಿಲು ಎಲ್ಲಿದೆ ನೋಡಬೇಕು.

10 ಅಡಿ ಗೋಡೆಯ ನಟ್ಟನಡುವೆ 3 ಅಡಿ ಬಾಗಿಲಿಟ್ಟರೆ ಅತ್ತಿತ್ತ ಉಳಿಯುವುದು ಮೂರೂವರೆ ಅಡಿ. ಎದುರು ಗೋಡೆಯ ನಡುವೆ ಬಾತ್‌ರೂಮಿನ ಬಾಗಿಲೂ ಬಂದರೆ ಓಡಾಡುವ ದಾರಿ ಕೋಣೆಯನ್ನೇ ಸೀಳಿ ಎರಡು ಮಾಡುತ್ತದೆ. 5 ಅಡಿ ಅಗಲದ ಮಂಚ ಯಾವ ಭಾಗಕ್ಕೂ ಹಿಡಿಸುವುದಿಲ್ಲ. ಅದೇ ಬಾಗಿಲನ್ನು ಮೂಲೆಯಿಂದ ಎರಡು ಕಾಲು ಅಡಿ ಬಿಟ್ಟು ಕೂರಿಸಿ. ಆ ಮೂಲೆಯಿಂದ ಪಕ್ಕದ ಗೋಡೆಯುದ್ದಕ್ಕೂ 2 ಅಡಿ ಆಳದ ವಾರ್ಡ್‌ರೋಬ್ ಕೂರುತ್ತದೆ, ಅದರ ಎದುರು ಗೋಡೆಗೆ ಮಂಚ ಆತುಕೊಳ್ಳುತ್ತದೆ, ನಡುವೆ 3 ಅಡಿ ದಾರಿ ಉಳಿಯುತ್ತದೆ. ಬಾತ್‌ರೂಮಿನ ಬಾಗಿಲು ಆ ದಾರಿಯ ಇನ್ನೊಂದು ತುದಿಗೆ ಬಂದರಾಯಿತು. ಮಂಚ 6 ಅಡಿಯದಾದರೆ ದಾರಿ 2 ಅಡಿಗೆ ಇಳಿಯುತ್ತದೆ. ಆಗ ವಾರ್ಡ್‌ರೋಬಿಗೆ ಸ್ಲೈಡಿಂಗ್ ಬಾಗಿಲೇ ಬೇಕು. ಗೋಡೆ ಪಕ್ಕ ಮಲಗುವವರು ಕಾಲ್ದೆಸೆಯಿಂದ ಇಳಿಯಬೇಕಾಗುವುದು ನಿಜ. ಹಾಗಾಗಿ ವಯಸ್ಸಾದವರ ಕೋಣೆಗೆ ಈ ಏರ್ಪಾಡು ಒಗ್ಗದು. ಅಲ್ಲಿ ಬೀರುವನ್ನು ಹೊರಗಿಟ್ಟು, 3 ಅಡಿಯ ಎರಡು ಮಂಚಗಳನ್ನು ಎರಡು ಗೋಡೆಗೆ ಸೇರಿಸುವುದು ಮೇಲು.

ರಾಜಾಜಿನಗರದ ಹಳೆಯ ಮನೆಗಳ ವಿಚಾರ ಬೇರೆ. ಅಲ್ಲಿ ಅನೇಕ ಕಡೆ ತಾರಸಿಯ ಭಾರ ಹೊತ್ತಿರುವುದು ಗೋಡೆಗಳೇ. ಇಂಜಿನಿಯರಿಗೆ ತೋರಿಸದೆ ಒಂದು ಇಟ್ಟಿಗೆಯನ್ನೂ ಕೀಳಬಾರದು. ಆದರೆ ಕದ ತೆರೆಯುವ ದಿಕ್ಕು ಬದಲಿಸಲು, 7 ಅಡಿ ಎತ್ತರದಲ್ಲಿ ಸಜ್ಜೆ ಕೂರಿಸಿ ಟ್ರಂಕು, ಕಂಬಳಿಗಳನ್ನು ಮೇಲೇರಿಸಲು ಅಡ್ಡಿಯಿಲ್ಲ. ಪಿಲ್ಲರ್ ಮನೆಗಳಲ್ಲಿ ಇನ್ನೂ ಅನುಕೂಲ: ಎರಡು ಕೋಣೆಗಳ ನಡುವಿನ ಗೋಡೆ ತೆಗೆದು, ಬೆನ್ನಿಗೆ ಬೆನ್ನು ಕೊಟ್ಟಂತೆ ಎರಡು ವಾರ್ಡ್‌ರೋಬ್ ಕೂರಿಸಬಹುದು.

ಕಿಟಕಿಗೆ ಮಾತ್ರ ಬೀರು ಅಡ್ಡ ಇಡಬೇಡಿ. ಪಕ್ಕದ ಮನೆ ಗೋಡೆಗೆ ಗೋಡೆ ತಾಗಿರುವ ಬೀದಿಗಳಲ್ಲಿ ಗಾಳಿ ಬೆಳಕಿಗೆ ಇರುವುದು ಹೆಚ್ಚಾಗಿ ಆ ಒಂದೇ ಕಿಟಕಿ.

ವಾಸ್ತು ನೋಡುವವರು ಉತ್ತರಕ್ಕೆ ತಲೆ ಹಾಕಬಾರದು ಎಂಬುದನ್ನು ಕೊನೆಗಳಿಗೆಯಲ್ಲಿ ನೆನೆದು ಮಂಚ ತಿರುಗಿಸುತ್ತಾರೆ, ಲೆಕ್ಕವೆಲ್ಲ ತಪ್ಪುತ್ತದೆ. ಅದನ್ನೂ ಮೊದಲೇ ಹೇಳಿಬಿಡಿ. ಪ್ಲಾನ್ ಕೈಗೆ ಬಂದಾಗ ಮಂಚ, ಬೀರು, ತೆರೆದ ಕದ ಮೂರನ್ನೂ ಅಳತೆಗೆ ಸರಿಯಾಗಿ ಬರೆಸಿ. ಮೇಸ್ತ್ರಿ ಗೋಡೆ ಎಬ್ಬಿಸುವ ಮುನ್ನ ಬಾಗಿಲು ಸರಿಸಲು ಖರ್ಚೇನೂ ಇಲ್ಲ.