ಕೆಂಪು ಶಾಯಿಯಿಂದ ಹಳದಿ ಪುಟಕ್ಕೆ

“ಅಜ್ಜ, ಕೊಡಿ ಇಲ್ಲಿ.”

ಮೊಮ್ಮಗಳು ಫೋನ್ ತೆಗೆದುಕೊಂಡಳು. ಹೆಬ್ಬೆರಳು ನಾಲ್ಕು ಸಲ ಆಡಿತು. “ಆಯ್ತು” ಅಂತ ವಾಪಸ್ ಕೊಟ್ಟಳು. ಕರೆಂಟ್ ಬಿಲ್ ಕಟ್ಟಿಯಾಗಿತ್ತು. ಏನು ಒತ್ತಿದಳೋ ನನಗೆ ತಿಳಿಯಲಿಲ್ಲ. ಮುಂದಿನ ತಿಂಗಳು ಮತ್ತೆ ಅವಳೆದುರು ನಿಂತೆ.

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿಸಿದವನು ನಾನು. ಮಗುವಿನ ಬಳಪ ಕಿತ್ತುಕೊಂಡು, ನಾನೇ ‘ಅ’ ಬರೆದು, ‘ಆಯ್ತು ಹೋಗು’ ಅಂದಿದ್ದರೆ ಅದು ಯಾವ ಕಾಲಕ್ಕೆ ಕಲಿಯುತ್ತಿತ್ತು?

ಕಂಪ್ಯೂಟರ್, ಇಂಟರ್ನೆಟ್ ಎಂದರೆ ‘ಇವೆಲ್ಲ ನಮ್ಮ ಕಾಲದವರಿಗಲ್ಲ’ ಎಂದುಬಿಡುತ್ತಿದ್ದೆ. ಒಳಗಿನ ಕಾರಣ ಬೇರೆಯೇ ಇತ್ತು. ಏನೋ ಒತ್ತಿ ಇನ್ನೇನೋ ಹಾಳಾದೀತೆಂಬ ಭಯ ಅರ್ಧ. ಜೀವಮಾನವಿಡೀ ತಪ್ಪು ತಿದ್ದಿದವನು ಮಕ್ಕಳೆದುರು ತಪ್ಪು ಮಾಡಬೇಕಲ್ಲ ಎಂಬ ನಾಚಿಕೆ ಇನ್ನರ್ಧ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. “ಸಾರ್, ಒಂದು ಹಳೇ ಪುಸ್ತಕದ ಕರಡು ತಿದ್ದಿಕೊಡ್ತೀರಾ?” ತಂತ್ರಜ್ಞಾನ ಕಲಿಸುತ್ತೇನೆ ಎಂದಿದ್ದರೆ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಕರಡು ಅಂದಳು, ಕೂತೆ.

ಅವಳು ತೆರೆದದ್ದು ಕನ್ನಡ ವಿಕಿಸೋರ್ಸ್ ಎಂಬ ಅಂತರ್ಜಾಲ ಗ್ರಂಥಾಲಯ. ಅಲ್ಲಿರುವುದು ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು, ಮುಕ್ತ ಪರವಾನಗಿಯಲ್ಲಿ ಸಿಕ್ಕ ಪುಸ್ತಕಗಳು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಅವರ ಕೃತಿ ಎಲ್ಲರದ್ದು. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಮನೆಯವರು ಮೊದಲೇ ಮುಕ್ತವಾಗಿ ಕೊಟ್ಟಿದ್ದಾರೆ. ಪರದೆಯ ಒಂದು ಬದಿಗೆ ಪುಸ್ತಕದ ಪುಟದ ಚಿತ್ರ, ಇನ್ನೊಂದು ಬದಿಗೆ ಯಂತ್ರ ಓದಿ ಇಳಿಸಿದ ಅಕ್ಷರ. ಯಂತ್ರದ ಓದು ನಮ್ಮ ಎರಡನೇ ಕ್ಲಾಸಿನ ಹುಡುಗನ ಓದಿನಂತೆಯೇ: ‘ಮನೆ’ ಇದ್ದದ್ದು ‘ಯನೆ’, ದೀರ್ಘ ಮಾಯ, ಒತ್ತಕ್ಷರ ಎಲ್ಲೋ ದಿಕ್ಕಾಪಾಲು. ಕೈ ತುರಿಸತೊಡಗಿತು.

ತಿದ್ದಬೇಕೆಂದರೆ ಟೈಪು ಮಾಡಬೇಕಲ್ಲ! ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ತೋರಿಸಿದಳು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ‘ಟೋಪಿ’ ಬರೆಯಲು ಹೋದೆ, ‘ತೋಪಿ’ ಬಂತು. ಟ ಇರುವುದು ‘ಡಬ್ಲ್ಯು’ವಿನಲ್ಲಂತೆ, ಡ ‘ಕ್ಯೂ’ವಿನಲ್ಲಿ. ಅವಳು ನಗಲಿಲ್ಲ, ಕೀಲಿಮಣೆಗೆ ಕೈಯನ್ನೂ ಹಾಕಲಿಲ್ಲ. ಕೈಕಟ್ಟಿ ಪಕ್ಕದಲ್ಲಿ ಕೂತಿದ್ದಳು. ‘ಸ್ತ್ರೀ’ ಎಂದು ಮೂಡಿಸಲು ಆರು ಕೀಲಿ ಬೇಕಾಯಿತು: ಎಸ್, ಎಫ್, ಟಿ, ಎಫ್, ಆರ್, ಶಿಫ್ಟ್ ಹಿಡಿದು ಐ. ಆಗ ಹೊಳೆಯಿತು, ಸ್, ತ್, ರ್, ಈ ಎಂದು ನಾನು ಕರಿಹಲಗೆಯ ಮೇಲೆ ಬಿಡಿಸಿ ಬರೆಯುತ್ತಿದ್ದುದೂ ಇದೇ ಅಲ್ಲವೇ? ಪಾಠ ನನ್ನದೇ, ಹಲಗೆ ಮಾತ್ರ ಹೊಸದು.

“ತಪ್ಪು ಒತ್ತಿ ಪುಟವೇ ಅಳಿಸಿಹೋದರೆ?” ಎಂದು ಕೇಳಿದೆ.

“ಹಳೆಯ ಆವೃತ್ತಿಗಳು ಇತಿಹಾಸದಲ್ಲಿ ಹಾಗೇ ಇರುತ್ತವೆ ಸಾರ್. ವಾಪಸ್ ತರಬಹುದು.”

ಆ ಒಂದು ಮಾತಿಗೆ ಭಯದ ಭಾಗ ಇಳಿಯಿತು. ನಾಚಿಕೆಯ ಭಾಗವನ್ನು ಅಲ್ಲಿನ ಬಣ್ಣಗಳು ಇಳಿಸಿದವು. ಯಾರೂ ತಿದ್ದದ ಪುಟಕ್ಕೆ ಕೆಂಪು ಗುರುತು. ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ಪರಿಶೀಲಿಸಿದರೆ ಹಸಿರು. ಹಳದಿ ಮಾಡಿದವರೇ ಅದನ್ನು ಹಸಿರು ಮಾಡುವಂತಿಲ್ಲ. ಅಂದರೆ ಎಂಥ ಪಂಡಿತನ ಕಣ್ಣೂ ತಪ್ಪುತ್ತದೆ ಎಂಬುದು ಅಲ್ಲಿ ನಿಯಮದಲ್ಲೇ ಇದೆ. ನನ್ನ ಹಳದಿ ಪುಟದಲ್ಲಿ ಯಾರೋ ಒಂದು ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಿ ಹಸಿರಾಗಿಸಿದ್ದರು. ಅವರು ಯಾರೋ, ಎಲ್ಲಿಯವರೋ. ಬೇಸರವಾಗಲಿಲ್ಲ.

ಕಳೆದ ತಿಂಗಳು ಮೊಮ್ಮಗಳು ಎಂದಿನಂತೆ ಕೈ ಚಾಚಿದಳು. “ಫೋನ್ ಬೇಡ, ನೀನು ಪಕ್ಕದಲ್ಲಿ ಕೂತ್ಕೋ” ಅಂದೆ. ಅವಳಿಗೆ ಅರ್ಧ ನಿಮಿಷದ ಕೆಲಸ, ನನಗೆ ಹನ್ನೆರಡು ನಿಮಿಷ ಹಿಡಿಯಿತು. ಎರಡು ಸಲ ತಪ್ಪಿತು. ಬಿಲ್ ಕಟ್ಟಿದ್ದು ಮಾತ್ರ ನಾನು.

ನಿಮ್ಮ ಮನೆಯ ಹಿರಿಯರು ಫೋನ್ ಹಿಡಿದು ಬಂದರೆ ದಯವಿಟ್ಟು ಅದನ್ನು ಕೈಗೆ ತೆಗೆದುಕೊಳ್ಳಬೇಡಿ. ಆ ಹನ್ನೆರಡು ನಿಮಿಷ ಕೊಡಿ. ನೀವು ‘ಅ’ ತಿದ್ದುವಾಗ ಅವರು ಅದಕ್ಕಿಂತ ಹೆಚ್ಚೇ ಕೊಟ್ಟಿದ್ದಾರೆ.