ತಾಯಿಯ ಮಲೇರಿಯಾ ಮತ್ತು ಕೂಸಿನ ರಕ್ಷಣೆ

ಲ್ಯಾಬ್ ಟೆಕ್ನಿಷಿಯನ್ ಆಗಿ ಪೂರ್ವ ಉಗಾಂಡದಲ್ಲಿದ್ದಾಗ ನನ್ನ ಕೆಲಸವೆಲ್ಲ ಮಾಸಿನ ಜೊತೆಗೇ. ಹೆರಿಗೆಯಾದೊಡನೆ ಅದರ ತಾಯಿಯ ಕಡೆಯ ಮಗ್ಗುಲಿನಿಂದ ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಜೀಮ್ಸಾ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೆ. ಕೆಲವು ಬಾಣಂತಿಯರಿಗೆ ಜ್ವರವೇ ಇರುತ್ತಿರಲಿಲ್ಲ, ಬೆರಳಿನ ರಕ್ತದಲ್ಲೂ ಏನೂ ಕಾಣುತ್ತಿರಲಿಲ್ಲ. ಅವರ ಮಾಸಿನ ಸ್ಲೈಡಿನಲ್ಲಿ ಮಾತ್ರ ಮಲೇರಿಯಾ ರೋಗಾಣು ಕಿಕ್ಕಿರಿದಿರುತ್ತಿತ್ತು.

ಫಾಲ್ಸಿಪಾರಮ್ ಎಂಬ ಮಲೇರಿಯಾ ರೋಗಾಣು ಹೊಕ್ಕ ಕೆಂಪು ರಕ್ತಕಣಗಳು ಮಾಸಿನಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎ ಎಂಬ ಸಕ್ಕರೆಯ ಸರಪಣಿಗೆ ಅಂಟಿ ಅಲ್ಲೇ ಬೀಡುಬಿಡುತ್ತವೆ. ಮಿಖಾಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ಇದನ್ನು 1996ರಲ್ಲಿ ತೋರಿಸಿಕೊಟ್ಟರು. ಈ ಅಂಟಿಗೆ ಎದುರಾದ ಪ್ರತಿಕಾಯಗಳು ಚೊಚ್ಚಲ ಬಸುರಿಯಲ್ಲಿ ಇರುವುದಿಲ್ಲ. ಆಮೇಲಿನ ಬಸಿರುಗಳಲ್ಲಿ ಅವು ಹೆಚ್ಚುತ್ತವೆ. ಹಾಗಾಗಿ ಹೆಚ್ಚು ಪೆಟ್ಟು ಬೀಳುವುದು ಮೊದಲ ಕೂಸಿಗೆ.

ಆ ಪೆಟ್ಟನ್ನು ನಾವು ತಕ್ಕಡಿಯಲ್ಲಿ ಅಳೆಯುತ್ತೇವೆ: ತೂಕ ಎರಡೂವರೆ ಕಿಲೋಗಿಂತ ಕಡಿಮೆಯೋ, ಹೆಚ್ಚೋ? ತೂಕ ಮುಖ್ಯ ನಿಜ. ಆದರೆ ತಕ್ಕಡಿಗೆ ಸಿಗದ ನಷ್ಟವೂ ಇದೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ಐಜಿಜಿ ಪ್ರತಿಕಾಯಗಳು ಮಾಸನ್ನು ದಾಟಿ ಕೂಸಿಗೆ ಸೇರುತ್ತವೆ. ಉದಾಹರಣೆಗೆ, ದಡಾರದ ಲಸಿಕೆ ಹಾಕುವುದು ಒಂಬತ್ತು ತಿಂಗಳಿಗೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಕೂಸಿಗಿರುವುದು ತಾಯಿಯಿಂದ ಬಂದ ಈ ಬಲವೇ. ಮಲೇರಿಯಾದಿಂದ ಮಾಸು ಉರಿಯೂತಕ್ಕೆ ಸಿಕ್ಕಾಗ ಈ ದಾಟುವಿಕೆ ಕುಗ್ಗಬಲ್ಲದೆಂದು ಆಫ್ರಿಕಾದ ಹಲವು ಅಧ್ಯಯನಗಳು ಕಂಡಿವೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ರೋಗಾಣು ಕೂಸಿನ ರಕ್ತಕ್ಕೆ ಇಳಿಯದಿದ್ದರೂ ಅದರ ಪ್ರೋಟೀನ್ ತುಣುಕುಗಳು ಇಳಿಯುತ್ತವೆ. ಗರ್ಭದಲ್ಲಿರುವಾಗ ಕೂಸಿನ ರೋಗನಿರೋಧಕ ವ್ಯವಸ್ಥೆ ತಾಯಿಯ ಕಣಗಳ ಮೇಲೆ ಹರಿಹಾಯದಂತೆ ಸಹಿಸುವುದನ್ನು ಕಲಿಯುತ್ತಿರುತ್ತದೆ. ಅದೇ ಹೊತ್ತಿನಲ್ಲಿ ಎದುರಾದ ಮಲೇರಿಯಾದ ತುಣುಕುಗಳನ್ನೂ ಅದು ತನ್ನವೆಂದು ಸಹಿಸಿಬಿಡಬಹುದು. ಕೆನ್ಯಾ ಕರಾವಳಿಯ ಮಕ್ಕಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಕಿತ ತಾಯಂದಿರ ಕೆಲವು ಕೂಸುಗಳ ಹೊಕ್ಕುಳಬಳ್ಳಿಯ ರಕ್ತದ ಟಿ ಕಣಗಳು ಮಲೇರಿಯಾ ಪ್ರೋಟೀನಿಗೆ ಪ್ರತಿಕ್ರಿಯಿಸಲೇ ಇಲ್ಲ. ಮುಂದೆ ಆ ಮಕ್ಕಳಿಗೆ ಸೋಂಕು ತಗಲುವ ಸಾಧ್ಯತೆ ಹೆಚ್ಚಿತ್ತು. ಎಲ್ಲ ಕೂಸುಗಳೂ ಹೀಗಲ್ಲ. ಕೆಲವು ಹುಟ್ಟುವಾಗಲೇ ಚುರುಕಾಗಿ ಪ್ರತಿಕ್ರಿಯಿಸಿದವು.

ಆದ್ದರಿಂದ ಬಸುರಿಯ ಮಲೇರಿಯಾ ತಡೆಯುವುದನ್ನು ನಾನು ಕೂಸಿನ ಮೊದಲ ಲಸಿಕೆ ಎಂದೇ ಎಣಿಸುತ್ತೇನೆ. ಆಫ್ರಿಕಾದ ಬಸುರಿಯರಿಗೆ ನಾಲ್ಕನೇ ತಿಂಗಳಿನಿಂದ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಮಾತ್ರೆ ಕೊಡುತ್ತಾರೆ. ಪೂರ್ವ ಉಗಾಂಡದಲ್ಲಿ ಅದರ ಬಲ ಕುಂದಿದೆ. ಅಲ್ಲಿನ ತೊರೊರೊದಲ್ಲಿ 300 ಬಸುರಿಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಮಾತ್ರೆ ತಿಂದವರಲ್ಲಿ ಅರ್ಧದಷ್ಟು ಜನರ ಮಾಸಿನಲ್ಲಿ ಮಲೇರಿಯಾ ಸಿಕ್ಕಿತು. ಪ್ರತಿ ತಿಂಗಳೂ ಡೈಹೈಡ್ರೋಆರ್ಟೆಮಿಸಿನಿನ್-ಪಿಪೆರಾಕ್ವಿನ್ ಪಡೆದವರಲ್ಲಿ ಅದು ಶೇ 27ಕ್ಕೆ ಇಳಿಯಿತು.

ನಮ್ಮ ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ರೋಗಾಣು. ಅದು ಮಾಸಿಗೆ ಫಾಲ್ಸಿಪಾರಮ್‌ನಂತೆ ಅಂಟಿಕೊಳ್ಳದು. ಆದರೂ ತಾಯಿಯ ರಕ್ತಹೀನತೆ, ಕೂಸಿನ ಕಡಿಮೆ ತೂಕ ಎರಡಕ್ಕೂ ಅದು ಕಾರಣವಾಗುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಸೊಳ್ಳೆಪರದೆ ಕಟ್ಟಿ. ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸಿ. ಯಾರದೋ ಮಿಕ್ಕ ಮಲೇರಿಯಾ ಮಾತ್ರೆಯನ್ನು ಅವರಿಗೆ ಕೊಡಬೇಡಿ. ಪ್ರೈಮಾಕ್ವಿನ್ ಅಂತೂ ಬಸುರಿಯರಿಗೆ ಸಲ್ಲದ ಔಷಧ.